ಹಳೆಬಟ್ಟೆ ಅಂಗಡಿಯ ಸೇನಾ ಸಮವಸ್ತ್ರ: ಬಿಲ್ಲೆಗಿಂತ ಹೊಲಿಗೆಯನ್ನು ನಂಬಿ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನಾಪಡೆಗಳಲ್ಲಿ ಸೇವೆ ಸಲ್ಲಿಸಿದವರ ಸಂಖ್ಯೆ ಸುಮಾರು 1.6 ಕೋಟಿ. ಅವರು ತೊಟ್ಟ ಬಟ್ಟೆಗಳಲ್ಲಿ ಒಂದು ಪಾಲು ಯುದ್ಧ ಮುಗಿದ ಮೇಲೆ ಮನೆಗಳ ಪೆಟ್ಟಿಗೆ ಸೇರಿತು. ಉಗ್ರಾಣಗಳಲ್ಲಿ ಉಳಿದದ್ದು ಹೆಚ್ಚುವರಿ ದಾಸ್ತಾನೆಂದು ಮಾರಾಟವಾಗಿ ಕಾರ್ಮಿಕರ, ವಿದ್ಯಾರ್ಥಿಗಳ ಮೈಮೇಲೆ ಬಂತು. ಆ ತಲೆಮಾರಿನವರು ತೀರಿಕೊಂಡು ಮನೆಗಳು ಖಾಲಿಯಾಗುವಾಗ ಈ ಬಟ್ಟೆಗಳು ಹಳೆಯ ಸ್ವೆಟರು, ಕೋಟುಗಳ ಜೊತೆ ಒಂದೇ ಮೂಟೆಯಲ್ಲಿ ಸೆಕೆಂಡ್ ಹ್ಯಾಂಡ್ ಅಂಗಡಿಗೆ ಬಂದು ಬೀಳುತ್ತವೆ. ಅವುಗಳ ಪಕ್ಕದಲ್ಲೇ ಫ್ಯಾಷನ್‌ಗೆಂದು ಹೊಲಿದ ಸೇನಾ ಮಾದರಿಯ ಜಾಕೆಟ್ಟುಗಳು, ಸಿನಿಮಾಕ್ಕೆಂದು ಮಾಡಿಸಿದ ವೇಷಗಳು, ಸಂಗ್ರಾಹಕರನ್ನು ಗುರಿಯಾಗಿಟ್ಟುಕೊಂಡು ತಯಾರಾದ ನಕಲುಗಳು ನೇತಾಡುತ್ತಿರುತ್ತವೆ. ಎಲ್ಲದರ ಬಣ್ಣವೂ ಹೆಚ್ಚುಕಡಿಮೆ ಒಂದೇ ಮಾಸಲು ಹಸಿರು.

ಇವುಗಳ ನಡುವೆ ಕೈಯಾಡಿಸುವವರ ಕಣ್ಣು ಮೊದಲು ಹೋಗುವುದು ತೋಳಿನ ಲಾಂಛನ, ಎದೆಯ ಬಿಲ್ಲೆ, ಭುಜದ ಪಟ್ಟಿಗಳ ಕಡೆಗೆ. ನನ್ನ ಅಭಿಪ್ರಾಯದಲ್ಲಿ ಇಡೀ ಉಡುಪಿನಲ್ಲಿ ಅತ್ಯಂತ ಕಡಿಮೆ ನಂಬಬೇಕಾದ ಭಾಗಗಳೇ ಅವು, ಏಕೆಂದರೆ ಒಂದು ಸೂಜಿ, ಒಂದಿಷ್ಟು ನೂಲು ಇದ್ದರೆ ಯಾವ ಬಿಲ್ಲೆಯನ್ನು ಬೇಕಾದರೂ ಯಾವ ಅಂಗಿಗೆ ಬೇಕಾದರೂ ಹಚ್ಚಬಹುದು. ಬಟ್ಟೆಯ ನೇಯ್ಗೆ, ಹೊಲಿಗೆಯ ನೂಲು, ಜಿಪ್ಪಿನ ಲೋಹ, ಒಳಮಗ್ಗುಲಿನ ಲೇಬಲ್ಲುಗಳನ್ನು ಬದಲಿಸುವುದು ಅಷ್ಟು ಸುಲಭವಲ್ಲ, ಮತ್ತು ಅವುಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಆದ ಹುಟ್ಟಿದ ವರ್ಷವಿದೆ. ಪುರಾತತ್ತ್ವಜ್ಞರು ಮಣ್ಣಿನ ಪದರವೊಂದರ ಕಾಲವನ್ನು ನಿರ್ಧರಿಸುವಾಗ ಅದರಲ್ಲಿ ಸಿಕ್ಕ ಅತಿ ಹೊಸ ವಸ್ತುವಿಗಿಂತ ಆ ಪದರ ಹಳೆಯದಾಗಿರಲಾರದು ಎಂಬ ನಿಯಮವನ್ನು ಅನುಸರಿಸುತ್ತಾರೆ. ಆಮೇಲೆ ಮಾಡಿದ ರಿಪೇರಿಯನ್ನು ಬೇರೆಯಾಗಿ ಗುರುತಿಸಿಕೊಂಡರೆ, ಅಂಗಿಗೂ ಅದೇ ನಿಯಮ ಸಲ್ಲುತ್ತದೆ.

ಲೇಬಲ್ಲಿನಿಂದಲೇ ಆರಂಭಿಸೋಣ. ಅಮೆರಿಕದ ಸೈನಿಕರು ತೊಡುತ್ತಿದ್ದ ಎಂ-65 ಎಂಬ ಮಾದರಿಯ ಜಾಕೆಟ್ಟಿನ ಒಳಗೆ, ಕತ್ತಿನ ಪಟ್ಟಿಯ ಕೆಳಗೆ, ಅಳತೆ ಮತ್ತು ತಯಾರಕರ ಹೆಸರಿನ ಜೊತೆಗೆ ಎರಡು ಸಂಖ್ಯೆಗಳಿರುತ್ತವೆ. ಮೊದಲನೆಯದು ಗುತ್ತಿಗೆ ಸಂಖ್ಯೆ. ಅದು ‘ಡಿಎಸ್‌ಎ 100’ ಎಂದು ಶುರುವಾಗಿ ಮುಂದೆ 68 ಎಂದಿದ್ದರೆ, ಗುತ್ತಿಗೆ ನೀಡಿದ್ದು 1968ರ ಹಣಕಾಸು ವರ್ಷದಲ್ಲಿ ಎಂದರ್ಥ. ಆಗ ಅಮೆರಿಕ ಸರ್ಕಾರದ ಹಣಕಾಸು ವರ್ಷ ಜುಲೈನಿಂದ ಜೂನ್‌ವರೆಗೆ ನಡೆಯುತ್ತಿದ್ದುದರಿಂದ ಅದು 1967ರ ಜುಲೈ ಮತ್ತು 1968ರ ಜೂನ್ ನಡುವಿನ ಅವಧಿ. ಜಾಕೆಟ್ಟು ಹೊಲಿಗೆಯಾದದ್ದು ಅದಾದ ಕೆಲವು ತಿಂಗಳಿಗೆ ಇರಬಹುದು. ಡಿಎಸ್‌ಎ ಎಂಬುದು 1961ರಲ್ಲಿ ಸ್ಥಾಪನೆಯಾದ ರಕ್ಷಣಾ ಸರಬರಾಜು ಸಂಸ್ಥೆ. 1977ರಲ್ಲಿ ಅದರ ಹೆಸರು ಬದಲಾಗಿ ಲೇಬಲ್ಲುಗಳಲ್ಲಿ ‘ಡಿಎಲ್‌ಎ’ ಕಾಣಿಸಿಕೊಳ್ಳತೊಡಗಿತು. ಎರಡನೆಯ ಸಂಖ್ಯೆ ದಾಸ್ತಾನು ಸಂಖ್ಯೆ. 1974ರ ಸೆಪ್ಟೆಂಬರ್ ಅಂತ್ಯದವರೆಗೆ ಅದರಲ್ಲಿ 11 ಅಂಕಿಗಳಿದ್ದವು. ಆಮೇಲೆ ಮೊದಲ ನಾಲ್ಕು ಅಂಕಿಗಳ ನಂತರ ದೇಶವನ್ನು ಸೂಚಿಸುವ ಎರಡು ಅಂಕಿಗಳು ಸೇರಿ 13 ಆದವು. ನೇಟೋ ಪದ್ಧತಿಯಲ್ಲಿ 00 ಮತ್ತು 01 ಅಮೆರಿಕಕ್ಕೆ, 12 ಜರ್ಮನಿಗೆ, 14 ಫ್ರಾನ್ಸಿಗೆ, 21 ಕೆನಡಾಕ್ಕೆ, 99 ಬ್ರಿಟನ್ನಿಗೆ ಸೇರಿದವು. ಲೇಬಲ್ಲನ್ನೂ ನಕಲು ಮಾಡಬಹುದಲ್ಲ ಎಂದು ಕೇಳಬಹುದು. ಮಾಡುತ್ತಾರೆ, ಆದರೆ 1968ರ ಗುತ್ತಿಗೆಯ ಜೊತೆ 13 ಅಂಕಿಗಳ ದಾಸ್ತಾನು ಸಂಖ್ಯೆಯಿದ್ದರೆ ಆ ಎರಡು ಸಾಲುಗಳೇ ಪರಸ್ಪರ ಜಗಳವಾಡುತ್ತವೆ. ತಯಾರಕರ ಹೆಸರೊಂದೇ ಇದ್ದರೆ ಅದರಿಂದ ಏನೂ ಸಿದ್ಧವಾಗುವುದಿಲ್ಲ, ಏಕೆಂದರೆ ಸೇನೆಗೆ ಹೊಲಿದ ಕಂಪನಿಗಳು ಅದೇ ಮಾದರಿಯನ್ನು ಮಾರುಕಟ್ಟೆಗೂ ಹೊಲಿದದ್ದುಂಟು.

ಬ್ರಿಟನ್ನಿನ ಉಡುಪುಗಳಲ್ಲಿ ಸರ್ಕಾರಿ ಸ್ವತ್ತೆಂದು ತಿಳಿಸುವ ಬಾಣದ ಮುದ್ರೆಯನ್ನು ಹುಡುಕಬೇಕು, ಜೊತೆಗೆ ಗುಂಡಿಗಳ ಮೇಲಿನ ಕಿರೀಟವನ್ನು ಭೂತಗನ್ನಡಿಯಲ್ಲಿ ನೋಡಬೇಕು. ಇಪ್ಪತ್ತನೆಯ ಶತಮಾನದ ಮೊದಲರ್ಧದ ಟ್ಯೂಡರ್ ಕಿರೀಟದ ಕಮಾನು ಗುಮ್ಮಟದಂತೆ ಮೇಲಕ್ಕೆ ಉಬ್ಬಿರುತ್ತದೆ. ಎರಡನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ ಬಂದ ಸೇಂಟ್ ಎಡ್ವರ್ಡ್ ಕಿರೀಟದ ಕಮಾನು ನಡುವೆ ತಗ್ಗಿರುತ್ತದೆ. ಉಬ್ಬಿದ ಕಿರೀಟ ಕಂಡರೆ 1953ಕ್ಕಿಂತ ಹಿಂದಿನದು ಎಂದು ದಶಕಗಳ ಕಾಲ ನಿಶ್ಚಿಂತೆಯಿಂದ ಹೇಳಬಹುದಾಗಿತ್ತು. 2022ರಲ್ಲಿ ಮೂರನೆಯ ಚಾರ್ಲ್ಸ್ ದೊರೆ ಮತ್ತೆ ಟ್ಯೂಡರ್ ಕಿರೀಟವನ್ನೇ ಆರಿಸಿಕೊಂಡದ್ದರಿಂದ ಆ ಅನುಕೂಲವೂ ಕೈತಪ್ಪಿದೆ. ಸದ್ಯಕ್ಕೆ ನೆರವಾಗುವುದು ಲೋಹ: ಹಳೆಯ ಗುಂಡಿಗಳು ತೂಕದ ಹಿತ್ತಾಳೆಯವು, ಕಿಲುಬು ಹಿಡಿಯುವಂಥವು, 1950ರ ದಶಕದಿಂದ ಬಂದವು ಎಂದೂ ಹೊಳಪು ಮಾಸದ, ಹಗುರವಾದ ಆನೊಡೈಸ್ಡ್ ಅಲ್ಯೂಮಿನಿಯಮ್ಮಿನವು.

ಯುದ್ಧಕಾಲದ ಅಭಾವವೂ ಬಟ್ಟೆಯ ಮೇಲೆ ಗುರುತು ಬಿಟ್ಟಿದೆ. ಗುಂಡು-ಮದ್ದಿನ ತೋಟಾಗಳಿಗೆ ತಾಮ್ರ ಬೇಕಾದಾಗ ಅಮೆರಿಕ 1943ರಲ್ಲಿ ತನ್ನ ಒಂದು ಸೆಂಟಿನ ನಾಣ್ಯವನ್ನೇ ಸತು ಲೇಪಿಸಿದ ಉಕ್ಕಿನಲ್ಲಿ ಟಂಕಿಸಿತು ಎಂದಮೇಲೆ ಜಿಪ್ಪು, ಗುಂಡಿಗಳಿಗೆ ಹಿತ್ತಾಳೆ ಧಾರಾಳವಾಗಿ ಸಿಗುತ್ತಿರಲಿಲ್ಲ ಎಂದು ಬೇರೆ ಹೇಳಬೇಕಿಲ್ಲ. ಬ್ರಿಟಿಷರು 1942ರ ಹೊತ್ತಿಗೆ ತಮ್ಮ ಸೈನಿಕರ ಯುದ್ಧದುಡುಪಾದ ಬ್ಯಾಟಲ್‌ಡ್ರೆಸ್ಸಿನ ಗುಂಡಿಗಳನ್ನು ಮುಚ್ಚುತ್ತಿದ್ದ ಮಡಿಕೆಯನ್ನೂ, ಜೇಬುಗಳ ನೆರಿಗೆಯನ್ನೂ ಕೈಬಿಟ್ಟು ಬಟ್ಟೆ ಉಳಿಸಿದರು. ಹೀಗಾಗಿ ಒಂದೇ ಮಾದರಿಯ ಎರಡು ಅಂಗಿಗಳಲ್ಲಿ ಬಡಕಲಾಗಿ ಕಾಣುವುದು ಎಷ್ಟೋ ಸಲ ನಂತರದ್ದಾಗಿರುತ್ತದೆ.

ನೂಲಿನ ವಿಷಯಕ್ಕೆ ಬಂದರೆ ರಸಾಯನಶಾಸ್ತ್ರ ನೇರವಾಗಿ ನೆರವಿಗೆ ಬರುತ್ತದೆ. ಪಾಲಿಯೆಸ್ಟರ್ ಎಳೆಯನ್ನು ವಿನ್‌ಫೀಲ್ಡ್ ಮತ್ತು ಡಿಕ್ಸನ್ ಇಂಗ್ಲೆಂಡಿನಲ್ಲಿ 1941ರಲ್ಲಿ ರೂಪಿಸಿದರೂ ಅದು ವ್ಯಾಪಕವಾಗಿ ಬಳಕೆಗೆ ಬಂದದ್ದು 1950ರ ದಶಕದಲ್ಲಿ. ಅಂಗಿಯನ್ನು ಕೊಂಡು ನಿಮ್ಮದಾಗಿಸಿಕೊಂಡ ಮೇಲೆ ಒಳಹೊಲಿಗೆಯ ಅಂಚಿನಿಂದ ಅರ್ಧ ಅಂಗುಲದ ಎಳೆಯನ್ನು ಬಿಡಿಸಿ ಇಕ್ಕಳದಲ್ಲಿ ಹಿಡಿದು ಉರಿಗೆ ಒಡ್ಡಿದರೆ, ಹತ್ತಿ ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುತ್ತದೆ; ಉಣ್ಣೆ ಕೂದಲು ಸುಟ್ಟ ವಾಸನೆ ಬೀರಿ ತಾನೇ ಆರಿಹೋಗುತ್ತದೆ, ಏಕೆಂದರೆ ಉಣ್ಣೆ, ಕೂದಲು ಎರಡರಲ್ಲೂ ಇರುವುದು ಗಂಧಕವುಳ್ಳ ಕೆರಾಟಿನ್ ಎಂಬ ಪ್ರೋಟೀನು; ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. 1944ರದ್ದೆಂದು ಹೇಳುವ ಅಂಗಿಯ ಮೂಲ ಹೊಲಿಗೆಗಳೆಲ್ಲ ಹಾಗೆ ಕರಗುವ ನೂಲಿನಲ್ಲಿದ್ದರೆ ಮುಂದೆ ಚರ್ಚಿಸುವ ಅಗತ್ಯವಿಲ್ಲ.

ಸಂಗ್ರಾಹಕರು ಹೆಚ್ಚು ನೆಚ್ಚುವುದು ಅತಿನೇರಳೆ ಟಾರ್ಚನ್ನು. ಇಂದಿನ ಮಾರ್ಜಕಗಳಲ್ಲಿಯೂ ಕೃತಕ ನೂಲುಗಳಲ್ಲಿಯೂ ಬಿಳುಪು ಹೆಚ್ಚಿಸುವ ಪ್ರತಿದೀಪ್ತ ರಾಸಾಯನಿಕಗಳಿರುತ್ತವೆ. ಇವು ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನು ಹೀರಿ, ಅದನ್ನು ನೀಲಿ ಬೆಳಕಾಗಿ ಹೊರಸೂಸುತ್ತವೆ. ಹಳದಿಗಟ್ಟಿದ ಬಟ್ಟೆ ಬೆಳ್ಳಗೆ ಕಾಣುವುದು ಈ ನೀಲಿಯ ಉಪಕಾರ. ಇವು ಮನೆಮನೆಯ ಒಗೆತಕ್ಕೆ ಬಂದದ್ದು ಎರಡನೆಯ ಮಹಾಯುದ್ಧದ ನಂತರ. ಆದ್ದರಿಂದ ಕತ್ತಲಲ್ಲಿ ಟಾರ್ಚು ಹಿಡಿದಾಗ ಅಂಗಿಯೆಲ್ಲ ಮಂಕಾಗಿದ್ದು ಲಾಂಛನದ ಅಂಚಿನ ನೂಲು ಮಾತ್ರ ಕಡುನೀಲಿಯಾಗಿ ಹೊಳೆದರೆ ಅದನ್ನು ಆಮೇಲೆ ಹಚ್ಚಿರುವ ಸಂಭವ ಹೆಚ್ಚು. ಆದರೆ ಇಡೀ ಅಂಗಿ ಹೊಳೆದರೆ ಅದು ನಕಲು ಎಂದು ತೀರ್ಮಾನಿಸುವುದು ಆತುರವಾಗುತ್ತದೆ: ಅಪ್ಪಟ 1943ರ ಹತ್ತಿಯ ಅಂಗಿಯನ್ನು ಮೊಮ್ಮಗಳು ಕಳೆದ ವರ್ಷ ಮಷೀನಿಗೆ ಹಾಕಿದ್ದರೂ ಹೀಗೇ ಆಗುತ್ತದೆ. ಹೊಳೆಯದಿರುವುದೂ ಪುರಾವೆಯಲ್ಲ, ಬುದ್ಧಿವಂತ ನಕಲುಗಾರ ಹತ್ತಿಯ ನೂಲನ್ನೇ ಬಳಸುತ್ತಾನೆ. ಕೊಂಡ ಕೂಡಲೇ ಒಗೆಯಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ. ಉಣ್ಣೆಯ ಬಟ್ಟೆಯನ್ನು ತಿನ್ನುವ ನುಸಿಯ ಮರಿಹುಳುಗಳ ಭಯವಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಮೈನಸ್ 20 ಡಿಗ್ರಿ ಸೆಲ್ಸಿಯಸ್ ಶೀತದಲ್ಲಿ ಎರಡು ವಾರ ಇಟ್ಟರೆ ಸಾಕು.

ಇನ್ನು ಬಿಲ್ಲೆಗಳ ಸರದಿ. ಅವುಗಳಿಗಿಂತ ಅವು ಇದ್ದ ಜಾಗ ಹೆಚ್ಚು ಹೇಳುತ್ತದೆ. ತೋಳನ್ನು ಮೇಜಿನ ಮೇಲೆ ಹಾಸಿ, ದೀಪವನ್ನು ಮೇಜಿನ ಮಟ್ಟಕ್ಕೇ ತಗ್ಗಿಸಿ ಓರೆಯಾಗಿ ಬೆಳಕು ಬಿಟ್ಟರೆ, ಬಹುಕಾಲ ಲಾಂಛನ ಹೊತ್ತಿದ್ದ ಕಡೆ ಸೂಜಿಯ ತೂತುಗಳ ಸಾಲು, ತುಸು ಎದ್ದು ನಿಂತ ಜುಂಗು, ಬಿಸಿಲು ಕಾಣದೆ ಗಾಢವಾಗಿಯೇ ಉಳಿದ ಬಣ್ಣ ಕಾಣುತ್ತವೆ. ಈಗಿರುವ ಲಾಂಛನ ಚೌಕವಾಗಿದ್ದು ಅದರಡಿಯ ಗಾಢಬಣ್ಣದ ಗುರುತು ದುಂಡಗಿದ್ದರೆ ನಂಬಬೇಕಾದದ್ದು ಗುರುತನ್ನು. ಅಮೆರಿಕದ ಭೂಸೇನೆಯ ಅಂಗಿಯಲ್ಲಿ ಎಡಭುಜದ ಲಾಂಛನ ಆಗಿನ ಘಟಕದ್ದು, ಬಲಭುಜದ್ದು ಹಿಂದೆ ಯುದ್ಧದಲ್ಲಿ ಸೇವೆ ಸಲ್ಲಿಸಿದ ಘಟಕದ್ದು. ಎರಡನೆಯ ಮಹಾಯುದ್ಧದ ಉಡುಪಿನಲ್ಲಿ ಎಡತೋಳಿನ ತುದಿಯ ಒಂದೊಂದು ಹೊನ್ನಿನ ಬಣ್ಣದ ಅಡ್ಡಪಟ್ಟಿಯೂ ಆರು ತಿಂಗಳ ವಿದೇಶ ಸೇವೆಯನ್ನು ಸೂಚಿಸುತ್ತದೆ. ಇಂಥದ್ದನ್ನು ಧರಿಸಲು, ಮಾರಲು ಎಲ್ಲೆಡೆ ಸ್ವಾತಂತ್ರ್ಯವಿಲ್ಲ: ಬಾರ್ಬಡೋಸ್, ಜಮೈಕಾಗಳಲ್ಲಿ ನಾಗರಿಕರು ಮರೆವೇಷದ (ಕ್ಯಾಮೊಫ್ಲಾಜ್) ಬಟ್ಟೆಯನ್ನೇ ತೊಡುವಂತಿಲ್ಲ, ಜರ್ಮನಿಯಲ್ಲಿ ನಾಜಿ ಲಾಂಛನಗಳ ಸಾರ್ವಜನಿಕ ಪ್ರದರ್ಶನ ಅಪರಾಧ.

ಕೊನೆಯದಾಗಿ ಅಸ್ತರಿನ ಮೇಲೆ ಮಸಿಯಲ್ಲಿ ಒತ್ತಿದ ಒಗೆತದ ಗುರುತು. ಎರಡನೆಯ ಮಹಾಯುದ್ಧದ ಅಮೆರಿಕನ್ ಸೈನಿಕ ತನ್ನ ಕುಲನಾಮದ ಮೊದಲಕ್ಷರವನ್ನೂ ಸೇನಾ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನೂ ಬಟ್ಟೆಗೆ ಹಾಕಿಕೊಳ್ಳುತ್ತಿದ್ದ. 1973ರ ಜುಲೈ 12ರಂದು ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರಕ್ಕೆ ಬಿದ್ದ ಬೆಂಕಿಯಲ್ಲಿ, 1912ರಿಂದ 1960ರ ನಡುವೆ ಬಿಡುಗಡೆಯಾದ ಭೂಸೈನಿಕರ ಕಡತಗಳಲ್ಲಿ ಸುಮಾರು ಶೇಕಡ 80ರಷ್ಟು ನಾಶವಾದದ್ದರಿಂದ ಈ ಗುರುತಿಗೆ ಬೆಲೆ ಬಂದಿದೆ. ಸೇನೆಗೆ ಸೇರಿದ ಸುಮಾರು 90 ಲಕ್ಷ ಮಂದಿಯ ನೋಂದಣಿ ವಿವರ ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿ ಸಂಖ್ಯೆಸಮೇತ ಉಳಿದಿದೆ. ಒಂದು ಅಕ್ಷರ ಮತ್ತು ನಾಲ್ಕು ಅಂಕಿಗಳಿಂದ ಆಗಬಹುದಾದ ಗುರುತುಗಳು 2,60,000. ಸರಾಸರಿ ಲೆಕ್ಕದಲ್ಲಿ ಒಂದೊಂದು ಗುರುತಿಗೆ ಸುಮಾರು 35 ಜನ ಸಿಗುತ್ತಾರೆ, ಎಸ್ ಅಕ್ಷರದವರಾದರೆ ಅದಕ್ಕಿಂತ ಬಹಳ ಹೆಚ್ಚು. ಆದರೆ 1943ರ ಪದಾತಿ ಡಿವಿಷನ್ ಒಂದರ ಮಂಜೂರಾದ ಬಲ 14,253. ಹಾಗಾಗಿ ತೋಳಿನ ಲಾಂಛನ ಮೂಲದ್ದೇ ಎಂದು ಖಚಿತವಾಗಿ, ಆ ಡಿವಿಷನ್ನಿನ ಹೆಸರುಪಟ್ಟಿ ಎಲ್ಲಿಯಾದರೂ ದೊರೆತರೆ, ಉಳಿಯುವುದು ಸಾಮಾನ್ಯವಾಗಿ ಒಂದೋ ಎರಡೋ ಹೆಸರು.