ತಾನಾಗಿಯೇ ಸೇರಿಕೊಳ್ಳದ ವೈಫೈ: ತೊಡಕು ಯಾವ ಹಂತದಲ್ಲಿ?

ಮನೆಯ ಫೋನುಗಳೆಲ್ಲ ವೈಫೈಗೆ ತಾವಾಗಿಯೇ ಸೇರಿಕೊಳ್ಳುತ್ತವೆ. ಲ್ಯಾಪ್‌ಟಾಪ್ ಮಾತ್ರ ಪ್ರತಿ ಸಲವೂ ಪಟ್ಟಿ ತೆರೆದು, ಹೆಸರು ಆರಿಸಿ, ‘ಕನೆಕ್ಟ್’ ಒತ್ತುವ ತನಕ ಸುಮ್ಮನಿರುತ್ತದೆ. ಇದಕ್ಕೆ ಸಾಮಾನ್ಯವಾಗಿ ಸಿಗುವ ಸಲಹೆಯೆಂದರೆ ಡ್ರೈವರ್ (ವೈಫೈ ಭಾಗವನ್ನು ನಡೆಸುವ ತಂತ್ರಾಂಶ) ಅಳಿಸಿ ಮತ್ತೆ ಹಾಕಿ, ಅದೂ ಆಗದಿದ್ದರೆ ವಿಂಡೋಸನ್ನೇ ಹೊಸದಾಗಿ ಹಾಕಿಸಿ ಎಂಬುದು. ಆದರೆ ಕೈಯಿಂದ ಒತ್ತಿದಾಗ ಸಂಪರ್ಕ ಸಿಗುತ್ತದೆ ಎಂದಾದರೆ ಆಂಟೆನಾ, ಪಾಸ್‌ವರ್ಡ್, ರೌಟರ್ ಇವೆಲ್ಲ ಸರಿಯಾಗಿಯೇ ಇವೆ. ಹೀಗಿರುವಾಗ ಏನನ್ನಾದರೂ ಅಳಿಸುವ ಮೊದಲು, ಸಂಪರ್ಕ ತಪ್ಪುವುದು ಯಾವ ಸಂದರ್ಭದಲ್ಲಿ ಎಂಬುದನ್ನು ಗಮನಿಸಬೇಕು. ದೋಷದ ಜಾಗವನ್ನು ತೋರಿಸಿಕೊಡುವುದು ಹೆಚ್ಚಿನ ಪಾಲು ಆ ಸಂದರ್ಭವೇ.

ರೌಟರ್ ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 10 ಬಾರಿ ಬೀಕನ್ ಎಂಬ ಸಣ್ಣ ಸಂದೇಶದ ಮೂಲಕ ತನ್ನ ಹೆಸರನ್ನೂ ಭದ್ರತೆಯ ಬಗೆಯನ್ನೂ ಸಾರುತ್ತಿರುತ್ತದೆ. ಕಂಪ್ಯೂಟರ್ ಒಂದೊಂದೇ ಚಾನೆಲ್ಲಿನಲ್ಲಿ (ವೈಫೈ ಬಳಸುವ ರೇಡಿಯೋ ದಾರಿಯಲ್ಲಿ) ಅದಕ್ಕೆ ಕಿವಿಗೊಟ್ಟು, ಕೇಳಿಸಿದ ಹೆಸರುಗಳನ್ನು ಹಿಂದೆ ಉಳಿಸಿಕೊಂಡಿರುವ ವಿವರಗಳೊಂದಿಗೆ ಹೋಲಿಸುತ್ತದೆ. ಹೆಸರೂ ಭದ್ರತೆಯ ಬಗೆಯೂ ಹೊಂದಿಕೊಂಡು, ತಾನಾಗಿ ಸೇರಲು ಅನುಮತಿಯೂ ಇದ್ದರೆ ಮಾತ್ರ ಮುಂದಿನ ಹೆಜ್ಜೆ. ಆಗ ಎರಡೂ ಕಡೆಯವರು ನಾಲ್ಕು ಸಂದೇಶಗಳನ್ನು ವಿನಿಮಯ ಮಾಡಿಕೊಂಡು, ಪಾಸ್‌ವರ್ಡನ್ನು ಗಾಳಿಯಲ್ಲಿ ಕಳಿಸದೆಯೇ, ಇಬ್ಬರ ಬಳಿಯೂ ಒಂದೇ ಕೀಲಿ (ಗುಪ್ತ ಸಂಕೇತ) ಇದೆಯೆಂದು ಖಚಿತಪಡಿಸಿಕೊಳ್ಳುತ್ತಾರೆ. ಡಬ್ಲ್ಯುಪಿಎ2 ಎಂಬ ವೈಫೈ ಭದ್ರತಾ ಪದ್ಧತಿಯಲ್ಲಿ ಈ ಕೀಲಿಯನ್ನು ಪಾಸ್‌ವರ್ಡ್ ಮತ್ತು ನೆಟ್‌ವರ್ಕಿನ ಹೆಸರು ಎರಡನ್ನೂ ಸೇರಿಸಿ, 4096 ಸುತ್ತಿನ ಲೆಕ್ಕಾಚಾರದ ಮೂಲಕ ತಯಾರಿಸಲಾಗುತ್ತದೆ. ಹೆಸರಿನಲ್ಲಿ ಒಂದು ಅಕ್ಷರ ಬದಲಾದರೂ ಕೀಲಿಯೇ ಬದಲಾಗುವುದು ಈ ಕಾರಣಕ್ಕೆ. ಹೊಸ ರೌಟರ್ ತಂದವರು ಹಳೆಯ ಹೆಸರು, ಹಳೆಯ ಪಾಸ್‌ವರ್ಡ್, ಹಳೆಯ ಭದ್ರತೆಯ ಬಗೆ ಮೂರನ್ನೂ ಹಾಗೆಯೇ ಇಟ್ಟರೆ ಮನೆಯ ಸಾಧನಗಳು ಸಾಮಾನ್ಯವಾಗಿ ಏನನ್ನೂ ಕೇಳದೆ ಸೇರಿಕೊಳ್ಳುತ್ತವೆ. ಹೆಸರನ್ನು ಮಾತ್ರ ಉಳಿಸಿ ಉಳಿದದ್ದನ್ನು ಬದಲಿಸಿದ್ದರೆ, ‘ಫರ್ಗೆಟ್’ ಒತ್ತಿ ಹಳೆಯ ವಿವರವನ್ನು ತೆಗೆದು ಹೊಸದಾಗಿ ಸೇರಿಸುವುದೇ ಸರಿಯಾದ ದಾರಿ.

ಯಾವ ಸಂದರ್ಭದಲ್ಲೂ ತಾನಾಗಿ ಸೇರುವುದೇ ಇಲ್ಲ ಎನ್ನುವವರು ಮೊದಲು ನೋಡಬೇಕಾದದ್ದು ‘ಕನೆಕ್ಟ್ ಆಟೋಮ್ಯಾಟಿಕಲಿ’ ಎಂಬ ಚೌಕವನ್ನು. ಬಳಕೆದಾರರು ತಾವೇ ‘ಡಿಸ್‌ಕನೆಕ್ಟ್’ ಒತ್ತಿದರೆ ಈ ನೆಟ್‌ವರ್ಕ್ ಸದ್ಯಕ್ಕೆ ಬೇಡವೆಂದು ವಿಂಡೋಸ್ ತಿಳಿಯುತ್ತದೆ. ಮತ್ತೆ ಸೇರುವಾಗ ಆ ಚೌಕಕ್ಕೆ ಗುರುತು ಹಾಕಿದರೆ ವಿಷಯ ಅಲ್ಲಿಗೇ ಮುಗಿಯಬಹುದು. ರೌಟರಿನಲ್ಲಿ ಹೆಸರನ್ನು ಮರೆಮಾಡಿರುವ ಮನೆಗಳಲ್ಲಿ ಬೀಕನ್ ಬಂದರೂ ಅದರಲ್ಲಿ ಹೆಸರಿರುವುದಿಲ್ಲ. ಹೆಸರು ಕಾಣದಿದ್ದರೂ ಸೇರಿಕೋ ಎಂಬ ಆಯ್ಕೆಯನ್ನು ಅಲ್ಲಿ ಬೇರೆಯಾಗಿ ಕೊಡಬೇಕಾಗುತ್ತದೆ. ಹಾಗೆ ಕೊಟ್ಟ ಲ್ಯಾಪ್‌ಟಾಪ್ ಹೋದಲ್ಲೆಲ್ಲ ಆ ಹೆಸರನ್ನು ಕೂಗಿ ಹುಡುಕುತ್ತದೆಯಾದ್ದರಿಂದ, ಹೆಸರು ಮರೆಮಾಡುವುದರಿಂದ ಭದ್ರತೆ ಹೆಚ್ಚುತ್ತದೆ ಎಂಬ ನಂಬಿಕೆಯನ್ನು ಬಿಡುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಶಟ್‌ಡೌನ್ ಮಾಡಿ ಮರುದಿನ ಆನ್ ಮಾಡಿದಾಗ ವೈಫೈ ಸೇರುವುದಿಲ್ಲ, ರೀಸ್ಟಾರ್ಟ್ ಮಾಡಿದರೆ ಮಾತ್ರ ಸೇರುತ್ತದೆ ಎಂಬ ದೂರು ವಿಚಿತ್ರವಾಗಿ ತೋರಿದರೂ ಅದಕ್ಕೆ ಸ್ಪಷ್ಟವಾದ ಕಾರಣವಿದೆ. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ‘ಫಾಸ್ಟ್ ಸ್ಟಾರ್ಟಪ್’ ಎಂಬ ವ್ಯವಸ್ಥೆ ಇದೆ. ಇದು ಚಾಲ್ತಿಯಲ್ಲಿದ್ದರೆ ಶಟ್‌ಡೌನ್ ಎಂಬುದು ಪೂರ್ತಿ ಮುಚ್ಚುವಿಕೆಯಲ್ಲ: ವ್ಯವಸ್ಥೆಯ ತಿರುಳನ್ನೂ ಡ್ರೈವರ್‌ಗಳ ಸ್ಥಿತಿಯನ್ನೂ ಡಿಸ್ಕಿನಲ್ಲಿ ಬರೆದಿಟ್ಟು, ಮುಂದಿನ ಸಲ ಅದನ್ನೇ ಎತ್ತಿಕೊಳ್ಳಲಾಗುತ್ತದೆ. ವೈಫೈ ಡ್ರೈವರ್ ಗೊಂದಲದ ಸ್ಥಿತಿಯಲ್ಲಿದ್ದರೆ ಆ ಗೊಂದಲವೂ ಹಾಗೆಯೇ ಮರುದಿನಕ್ಕೆ ಬರಬಹುದು. ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಮೊದಲಿನಿಂದ ಆರಂಭಿಸುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಪವರ್ ಬಟನ್ ಏನು ಮಾಡಬೇಕೆಂದು ಕೇಳುವ ಪುಟದಲ್ಲಿ ಈ ಸೌಲಭ್ಯವನ್ನು ನಿಲ್ಲಿಸಬಹುದು. ಕಂಪ್ಯೂಟರ್ ತೆರೆದುಕೊಳ್ಳುವುದು ತುಸು ನಿಧಾನವಾಗುವುದಷ್ಟೇ ಇದರ ನಷ್ಟ.

ಮುಚ್ಚಳ ಮುಚ್ಚಿ ತೆರೆದಾಗ ಮಾತ್ರ ತೊಂದರೆಯೆಂದರೆ ಅನುಮಾನ ವಿದ್ಯುತ್ ಉಳಿತಾಯದ ಕಡೆಗೆ ಹೋಗಬೇಕು. ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಅಡಾಪ್ಟರಿನ ಪ್ರಾಪರ್ಟೀಸ್ ತೆರೆದರೆ, ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದೆಂಬ ಅನುಮತಿಯ ಚೌಕ ಸಿಗುತ್ತದೆ. ಅದರ ಗುರುತನ್ನು ತೆಗೆದು ನೋಡಬೇಕು. ಹೊಸ ಬಗೆಯ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಆ ಪುಟವೇ ಇರುವುದಿಲ್ಲ. ಅವುಗಳಲ್ಲಿ ತಯಾರಕರ ಜಾಲತಾಣದಿಂದ ಹೊಸ ಡ್ರೈವರ್ ಹಾಕುವುದೇ ಉಳಿದಿರುವ ಮಾರ್ಗ.

ಕರೆಂಟ್ ಹೋಗಿ ಬಂದ ಮೇಲಿನ ತೊಂದರೆಯಲ್ಲಿ ಕಂಪ್ಯೂಟರಿನ ತಪ್ಪೇನೂ ಇಲ್ಲದಿರಬಹುದು. ಬ್ಯಾಟರಿಯ ಮೇಲೆ ನಡೆಯುತ್ತಲೇ ಇದ್ದ ಲ್ಯಾಪ್‌ಟಾಪ್, ರೌಟರಿನ ಹೆಸರು ಕಂಡ ಕೂಡಲೇ ಸೇರಿಕೊಳ್ಳುತ್ತದೆ. ಆದರೆ ರೌಟರಿಗೆ ಹೊರಗಿನ ಫೈಬರ್ ಸಂಪರ್ಕ ಇನ್ನೂ ಸಿಕ್ಕಿರುವುದಿಲ್ಲ. ವಿಂಡೋಸ್ ಮೈಕ್ರೋಸಾಫ್ಟ್‌ನ ಸರ್ವರ್‌ನಿಂದ ಒಂದು ಪುಟ್ಟ ಕಡತವನ್ನು ಕೇಳಿ ನೋಡಿ, ಅದು ಬಾರದಿದ್ದರೆ ‘ನೋ ಇಂಟರ್ನೆಟ್’ ಎಂದು ತೋರಿಸುತ್ತದೆ. ಈ ಹೊತ್ತಿನಲ್ಲಿ ಲ್ಯಾಪ್‌ಟಾಪಿನ ಐಪಿ ವಿಳಾಸವನ್ನು (ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಸಂಖ್ಯೆಯನ್ನು) ನೋಡುವುದು ಉಪಯುಕ್ತ. ಅದು 169.254 ಎಂದು ಆರಂಭವಾಗಿದ್ದರೆ, ರೌಟರ್ ವಿಳಾಸ ಕೊಡದೆ ಕಂಪ್ಯೂಟರ್ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. 192.168 ಎಂದೇನಾದರೂ ಇದ್ದರೆ ಮನೆಯೊಳಗಿನ ಕೊಂಡಿ ಬಹುತೇಕ ಸರಿಯಿದೆ. ತಡವಾಗುತ್ತಿರುವುದು ಹೊರಗಿನ ಸಂಪರ್ಕ.

ಅಮೆರಿಕದಲ್ಲಿರುವ ಮಕ್ಕಳೋ ನೆಂಟರೋ ತಂದುಕೊಟ್ಟ ಲ್ಯಾಪ್‌ಟಾಪ್‌ಗಳಿರುವ ಮನೆಗಳಲ್ಲಿ ಇನ್ನೊಂದು ಸಂಗತಿಯನ್ನು ಪರೀಕ್ಷಿಸಬೇಕು. ವೈಫೈ ಬಳಸುವ 2.4 ಗಿಗಾಹರ್ಟ್ಸ್ ರೇಡಿಯೋ ಬ್ಯಾಂಡಿನಲ್ಲಿ ಅಮೆರಿಕದ ಸಾಧನಗಳು ಸಾಮಾನ್ಯವಾಗಿ 1ರಿಂದ 11ರವರೆಗಿನ ಚಾನೆಲ್‌ಗಳನ್ನಷ್ಟೇ ಬಳಸುತ್ತವೆ; ಭಾರತದಲ್ಲಿ 13ರವರೆಗೂ ಅವಕಾಶವಿದೆ. ಇಲ್ಲಿನ ರೌಟರ್ ಚಾನೆಲ್ಲನ್ನು ತಾನೇ ಆರಿಸಿಕೊಳ್ಳುವಂತಿದ್ದು, ಒಂದು ದಿನ 12ಕ್ಕೋ 13ಕ್ಕೋ ಹೋಗಿ ನಿಂತರೆ, ಆ ಲ್ಯಾಪ್‌ಟಾಪಿನ ಪಟ್ಟಿಯಲ್ಲಿ ಮನೆಯ ವೈಫೈ ಹೆಸರೇ ಕಾಣದೆ ಹೋಗಬಹುದು. ಪಕ್ಕದ ಮನೆಗಳ ಹೆಸರುಗಳೆಲ್ಲ ಕಾಣುತ್ತಿರುತ್ತವೆ, ಫೋನಿಗೂ ತೊಂದರೆಯಿರುವುದಿಲ್ಲ. ಮತ್ತೊಂದು ದಿನ ರೌಟರ್ 6ಕ್ಕೆ ಮರಳಿದರೆ ಎಲ್ಲವೂ ಸರಿಹೋಗುತ್ತದೆ. ರೌಟರಿನ ಸೆಟ್ಟಿಂಗ್ಸ್‌ನಲ್ಲಿ ಚಾನೆಲ್ಲನ್ನು 1, 6 ಅಥವಾ 11ಕ್ಕೆ ನಿಲ್ಲಿಸಿದರೆ ಈ ಕಣ್ಣುಮುಚ್ಚಾಲೆ ನಿಲ್ಲುತ್ತದೆ.

ಇಷ್ಟಾದರೂ ಸಂದರ್ಭ ಯಾವುದೆಂದು ಹಿಡಿಯಲಾಗದಿದ್ದರೆ ವಿಂಡೋಸ್ 10 ಮತ್ತು 11ರಲ್ಲಿ ಹೆಚ್ಚು ಜನ ಬಳಸದ ಒಂದು ಒಳ್ಳೆಯ ಸಾಧನವಿದೆ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ನೆಟ್‌ಶ್ ವ್ಲಾನ್ ಶೋ ವ್ಲಾನ್‌ರಿಪೋರ್ಟ್’ ಎಂಬ ಆದೇಶವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟರೆ, ಕಳೆದ 3 ದಿನಗಳ ವೈಫೈ ವರದಿಯೊಂದು ತಯಾರಾಗುತ್ತದೆ. ಎಷ್ಟು ಹೊತ್ತಿಗೆ ಸಂಪರ್ಕ ಸಿಕ್ಕಿತು, ಎಷ್ಟು ಹೊತ್ತಿಗೆ ತಪ್ಪಿತು, ತಪ್ಪಿದ್ದಕ್ಕೆ ವಿಂಡೋಸ್ ದಾಖಲಿಸಿದ ಕಾರಣವೇನು ಎಂಬುದು ಅದರಲ್ಲಿರುತ್ತದೆ. ರಿಪೇರಿಯವರ ಬಳಿ ಹೋಗಲೇಬೇಕಾಗಿ ಬಂದರೆ ಈ ಕಡತವನ್ನೂ ಜೊತೆಗೆ ಒಯ್ಯಬೇಕು. ಅವರಿಗೆ ಅದನ್ನು ಓದಲು ಬರುತ್ತದೆ.