ಕಾರಿನ ಪೇಂಟಿಗೆ ಪಾಲಿಶಿಂಗ್ ಮಷೀನ್ ಹಿಡಿಯುವ ಮುಂಚೆ

ಮೈಸೂರು, ಮಂಡ್ಯ ಕಡೆ ಕಾರ್ ಡಿಟೇಲಿಂಗ್ (ಕಾರನ್ನು ತೊಳೆದು, ಪಾಲಿಶ್ ಮಾಡಿ ಹೊಳಪು ಕೊಡುವುದು) ಕೆಲಸ ಕಲಿಯುತ್ತಿರುವ ನಮ್ಮಂಥವರಿಗೆ ಈ ಟಿಪ್ಪಣಿ. ಮಷೀನ್ ಓಡಿಸುವುದು ಬೇಗ ಕೈಗೆ ಹತ್ತುತ್ತದೆ. ಎಲ್ಲಿ ನಿಲ್ಲಿಸಬೇಕು ಅನ್ನೋದೇ ಕಷ್ಟ. ಹಾಗಾಗಿ ಇಲ್ಲಿ ಹೊಳಪಿಗಿಂತ ಪೇಂಟ್ ಉಳಿಸುವ ಮಾತೇ ಜಾಸ್ತಿ.

ಕಂಪನಿಯಿಂದ ಬಂದ ಕಾರಿನ ತಗಡಿನ ಮೇಲೆ ಮೊದಲು ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣದ ಬೇಸ್ ಕೋಟ್, ಕೊನೆಗೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ಎಲ್ಲಾ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟ್ ಪಾಲು 35ರಿಂದ 50 ಅಷ್ಟೇ. ಒಂದು ಮಿಲಿಮೀಟರ್ ಅಂದರೆ 1000 ಮೈಕ್ರಾನ್. ಲೆಕ್ಕ ನೀವೇ ಹಾಕಿ.

ಗೀರು ಹೋಗುವುದು ಹೇಗೆ? ಯಾವ ಕಾಂಪೌಂಡೂ (ಪೇಂಟ್ ಉಜ್ಜುವ ಪೇಸ್ಟ್) ಗೀರನ್ನು ತುಂಬಿ ಸರಿ ಮಾಡಲ್ಲ. ಗೀರಿನ ಸುತ್ತ ಇರುವ ಕ್ಲಿಯರ್ ಕೋಟನ್ನು ಗೀರಿನ ತಳದವರೆಗೂ ಸವೆಸುತ್ತೇವೆ, ಆಗ ಗೀರು ಕಾಣುವುದಿಲ್ಲ. ಸವೆದದ್ದು ವಾಪಸ್ ಬರಲ್ಲ. ಬಿಸಿಲಿನ ಅತಿನೇರಳೆ ಕಿರಣದಿಂದ ಬಣ್ಣವನ್ನು ಕಾಯುವುದೂ ಇದೇ ಪದರ. ಅದು ತೀರಾ ತೆಳುವಾದರೆ ಬಾನೆಟ್ಟು, ರೂಫು ಬಿಳಿಚಿಕೊಂಡು ಸಿಪ್ಪೆ ಏಳುತ್ತವೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅಂತಾರಲ್ಲ, ವರ್ಷಕ್ಕೊಮ್ಮೆ ರಬ್ಬಿಂಗ್ ಮಾಡಿಸುವವರ ಕಾರಿಗೆ ಆಗೋದು ಅದೇ.

ಗೀರಿನ ಮೇಲೆ ಉಗುರು ಅಡ್ಡಲಾಗಿ ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಅದು ಆಳದ ಗೀರು, ಮಷೀನಿನಿಂದ ಪೂರ್ತಿ ತೆಗೆಯಲು ಹೋಗಬೇಡಿ. ಅಂಚು ಮೃದುವಾಗಿ ಮಸುಕಾದರೆ ಸಾಕು.

ಥಿಕ್‌ನೆಸ್ ಗೇಜ್ (ಪೇಂಟಿನ ದಪ್ಪ ಅಳೆಯುವ ಉಪಕರಣ) ಇದ್ದರೆ ಪ್ರತಿ ಪ್ಯಾನೆಲ್‌ನಲ್ಲೂ ನಾಲ್ಕೈದು ಕಡೆ ಅಳೆಯಿರಿ. ಆದರೆ ಅದು ತೋರಿಸುವುದು ಒಟ್ಟು ದಪ್ಪ, ಕ್ಲಿಯರ್ ಕೋಟಿನದ್ದಲ್ಲ. ಇದನ್ನು ಬಹಳ ಜನ ಮರೀತಾರೆ. ಒಂದು ಡೋರ್ 110, ಪಕ್ಕದ ಡೋರ್ 280 ತೋರಿಸಿದರೆ ಎರಡನೆಯದಕ್ಕೆ ಮತ್ತೆ ಪೇಂಟ್ ಆಗಿದೆ ಅಂತ ಅರ್ಥ, ಅಡಿಯಲ್ಲಿ ತಗ್ಗು ತುಂಬುವ ಪುಟ್ಟಿಯೂ ಇರಬಹುದು. ದಪ್ಪ ಇದೆ ಅಂತ ಧೈರ್ಯವಾಗಿ ಉಜ್ಜಿದರೆ ಕೆಟ್ಟಿರಿ. ಮೇಲಿನ ಕ್ಲಿಯರ್ ತೆಳ್ಳಗೇ ಇರಬಹುದು, ಮೆತ್ತಗೂ ಇರಬಹುದು. ಪ್ಲಾಸ್ಟಿಕ್ ಬಂಪರ್ ಮೇಲೆ ಮಾಮೂಲಿ ಗೇಜ್ ಕೆಲಸವೇ ಮಾಡಲ್ಲ.

ನಮ್ಮ ಕಡೆ ಕಾರುಗಳಲ್ಲಿ ಬಿಸಿಲಿಗೆ ಕಾಣುವ ಜೇಡರಬಲೆಯಂಥ ಸಣ್ಣ ಗೀರುಗಳು ಬಹುತೇಕ ಒಣ ಬಟ್ಟೆಯಿಂದ ಬಂದವು. ಬೆಳಿಗ್ಗೆ ಎದ್ದು ಧೂಳಿನ ಮೇಲೇ ಒರೆಸುವ ಅಭ್ಯಾಸ. ಆಯುಧಪೂಜೆಯ ಮಾರನೇ ದಿನ ಒಣಗಿದ ವಿಭೂತಿ, ಕುಂಕುಮವನ್ನು ಹಾಗೇ ಉಜ್ಜುವುದೂ ಇದೆ. ಮೊದಲು ನೀರು ಬಿಟ್ಟು ನೆನೆಸಿದರೆ ಅರ್ಧ ಕೆಲಸ ಉಳಿಯುತ್ತದೆ. ಬೋರ್‌ವೆಲ್ ನೀರು ಬಾನೆಟ್ ಮೇಲೆ ಒಣಗಿ ಕೂತ ಬಿಳಿ ಕಲೆ ಬೇರೆ ವಿಷಯ. ಅದಕ್ಕೆ ಮೊದಲು ವಾಟರ್ ಸ್ಪಾಟ್ ರಿಮೂವರ್ ಹಾಕಿ ನೋಡಬೇಕು, ಸೀದಾ ಮಷೀನ್ ಅಲ್ಲ.

ಈಗ ಮಷೀನ್. ಮುಖ್ಯವಾಗಿ ಎರಡು ಬಗೆ, ರೋಟರಿ ಮತ್ತು ಡಿಎ. ರೋಟರಿಯಲ್ಲಿ ಪ್ಯಾಡ್ ಒಂದೇ ನಡುವಿನ ಸುತ್ತ ಬಲವಂತವಾಗಿ ತಿರುಗುತ್ತದೆ, ಸುಮಾರು 600ರಿಂದ 3000 ಆರ್‌ಪಿಎಂ. ಎಷ್ಟು ಒತ್ತಿದರೂ ತಿರುಗುತ್ತಲೇ ಇರುತ್ತದೆ, ಅದೇ ಅಪಾಯ. ಒಂದೇ ಕಡೆ ಒಂದೆರಡು ಕ್ಷಣ ಜಾಸ್ತಿ ನಿಂತರೂ ಪೇಂಟ್ ಸುಟ್ಟೀತು. ಡ್ಯುಯಲ್ ಆಕ್ಷನ್, ಅಂದರೆ ಡಿಎ ಮಷೀನಿನಲ್ಲಿ ಪ್ಯಾಡ್ ತಿರುಗುತ್ತಲೇ ಅಲುಗಾಡುತ್ತದೆ. ಜಾಸ್ತಿ ಒತ್ತಿದರೆ ಅಥವಾ ಓರೆ ಹಿಡಿದರೆ ತಿರುಗುವುದೇ ನಿಂತುಹೋಗುತ್ತದೆ. ಕಲಿಯುವವರಿಗೆ ಇದೇ ಸರಿ ಅನ್ನೋದು ನನ್ನ ಅಭಿಪ್ರಾಯ. ರೋಟರಿ ಬೇಗ ಕೆಲಸ ಮುಗಿಸುತ್ತದೆ ನಿಜ, ಆದರೆ ಕಪ್ಪು ಕಾರಿನ ಮೇಲೆ ಅದು ಬಿಡುವ ಹಾಲೊಗ್ರಾಮ್ ಗೆರೆ (ಬೆಳಕಿಗೆ ಅಲೆಅಲೆಯಾಗಿ ಕಾಣುವ ಗುರುತು) ತೆಗೆಯಲು ಮತ್ತೆ ಡಿಎ ಹಿಡಿಯಲೇಬೇಕು ಅಲ್ವಾ?

ಡಿಎ ಮಷೀನಿನಲ್ಲಿ ಪ್ಯಾಡ್ ಅಂಟಿಸುವ ಪ್ಲೇಟಿನ ಪಕ್ಕದಲ್ಲಿ ಮಾರ್ಕರ್‌ನಿಂದ ಒಂದು ಗೆರೆ ಎಳೆಯಿರಿ. ಗೆರೆ ಸುತ್ತುವುದು ಕಾಣುತ್ತಿದ್ದರೆ ಪ್ಯಾಡ್ ತಿರುಗುತ್ತಿದೆ. ನಿಂತಲ್ಲೇ ನಡುಗಿದರೆ ಒತ್ತಡ ಕಮ್ಮಿ ಮಾಡಿ, ಪ್ಯಾಡನ್ನು ಸಮವಾಗಿ ಕೂರಿಸಿ. ಸುಮ್ನೆ ಸ್ಪೀಡ್ ಏರಿಸಿ ಪ್ರಯೋಜನವಿಲ್ಲ.

ಕಾರು ತೊಳೆದು, ಕ್ಲೇ ಬಾರ್ (ಅಂಟಿದ ಕೊಳೆ ಎತ್ತುವ ಜೇಡಿಮಣ್ಣಿನಂಥ ಮುದ್ದೆ) ಉಜ್ಜಿ, ಒಣಗಿಸಿ. ಕ್ಲೇ ಮಾಡದಿದ್ದರೆ ಪೇಂಟಿಗೆ ಅಂಟಿದ ಕಬ್ಬಿಣದ ಪುಡಿ, ಮರದ ಅಂಟು ಪ್ಯಾಡಿಗೆ ಸಿಕ್ಕಿ ಹೊಸ ಗೀರು ಎಳೆಯುತ್ತವೆ. ರಬ್ಬರ್ ಬೀಡಿಂಗ್, ಕಪ್ಪು ಪ್ಲಾಸ್ಟಿಕ್, ಬಾಡಿಯ ಚೂಪಾದ ಏಣುಗಳ ಮೇಲೆ ಮಾಸ್ಕಿಂಗ್ ಟೇಪ್ ಹಾಕಿ. ಏಣಿನ ಮೇಲೆ ಪೇಂಟ್ ತೆಳ್ಳಗಿರುತ್ತದೆ, ಅಗಲವಾದ ಪ್ಯಾಡಿನ ಒತ್ತಡವೆಲ್ಲ ಆ ಒಂದು ಗೆರೆಯ ಮೇಲೇ ಬೀಳುತ್ತದೆ. ಬಣ್ಣ ಮೊದಲು ಹಾರುವುದು ಅಲ್ಲೇ.

ಬಾನೆಟ್ಟಿನ ಒಂದು ಮೂಲೆಯಲ್ಲಿ ಎರಡಡಿ ಚೌಕದ ಜಾಗ ಆರಿಸಿ. ಮೊದಲು ಮೆತ್ತನೆಯ ಫೋಮ್ ಪ್ಯಾಡ್, ನವಿರಾದ ಪಾಲಿಶ್. ಜಾಸ್ತಿ ಸವೆಸುವ ಕಟಿಂಗ್ ಪ್ಯಾಡು, ಉಣ್ಣೆ ಪ್ಯಾಡು ಅದು ಸಾಲದಿದ್ದಾಗ ಮಾತ್ರ. ಬಟಾಣಿ ಗಾತ್ರದ ನಾಲ್ಕು ಹನಿ ಸಾಕು. ಪ್ಯಾಡನ್ನು ಪೇಂಟ್ ಮೇಲೆ ಇಟ್ಟ ನಂತರವೇ ಸ್ವಿಚ್ ಒತ್ತಿ, ಇಲ್ಲದಿದ್ದರೆ ಪಾಲಿಶ್ ಗೋಡೆಗೂ ನಿಮ್ಮ ಮುಖಕ್ಕೂ ಸಿಡಿಯುತ್ತದೆ. ಕಡಿಮೆ ಸ್ಪೀಡಿನಲ್ಲಿ ಹರಡಿ, ಆಮೇಲೆ ಮಷೀನಿನ ಸ್ಪೀಡ್ ಡಯಲ್ ನಾಲ್ಕಕ್ಕೆ ಏರಿಸಿ. ಕೈ ನಿಧಾನ ಸಾಗಲಿ, ಪ್ರತಿ ಸಾಲು ಹಿಂದಿನ ಸಾಲಿನ ಅರ್ಧ ಮುಚ್ಚಲಿ. ಅಡ್ಡಲಾಗಿ ಒಂದು ಸುತ್ತು, ಉದ್ದಕ್ಕೆ ಒಂದು ಸುತ್ತು. ಪಾಲಿಶ್ ಮೊದಲು ಹಾಲಿನಂತೆ ಕಾಣುತ್ತದೆ, ಆಮೇಲೆ ತೆಳ್ಳಗಾಗಿ ಎಣ್ಣೆ ಸವರಿದಂತೆ ತಿಳಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಪೂರ್ತಿ ಒಣಗಿ ಪುಡಿ ಏಳುವವರೆಗೂ ಓಡಿಸಬೇಡಿ.

ಒರೆಸಿದ ಮೇಲೆ ಚೆನ್ನಾಗಿ ಕಂಡಿತೆಂದು ನಂಬಬೇಡಿ. ಪಾಲಿಶ್‌ನ ಎಣ್ಣೆ ಗೀರುಗಳನ್ನು ಮುಚ್ಚಿರುತ್ತದೆ, ಎರಡು ಸಲ ತೊಳೆದರೆ ಮತ್ತೆ ಎದ್ದು ಕಾಣುತ್ತವೆ. ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲ್ ಚಿಮುಕಿಸಿ, ಮೈಕ್ರೊಫೈಬರ್ ಬಟ್ಟೆಯಿಂದ ಒರೆಸಿ, ಟಾರ್ಚ್ ಓರೆ ಹಿಡಿದು ನೋಡಿ. ಆ ಜಾಗ ಒಪ್ಪಿಗೆಯಾದರೆ ಅದೇ ಪ್ಯಾಡು, ಅದೇ ಪಾಲಿಶ್, ಅದೇ ಸ್ಪೀಡಿನಲ್ಲಿ ಇಡೀ ಕಾರು ಮಾಡಿ. ಪ್ರತಿ ಜಾಗ ಮುಗಿದ ಮೇಲೂ ಪ್ಯಾಡನ್ನು ಬ್ರಷ್‌ನಿಂದ ಉಜ್ಜಬೇಕು. ನೆನೆದು ಬಿಸಿಯಾದ ಪ್ಯಾಡ್ ಬದಲಾಯಿಸಿ.

ಪ್ಯಾಡಿಗೆ ಕಾರಿನ ಬಣ್ಣ ಹತ್ತಿದರೆ ತಕ್ಷಣ ನಿಲ್ಲಿಸಿ. ಹಳೇ ಗಾಡಿಗಳಲ್ಲಿ ಕ್ಲಿಯರ್ ಕೋಟೇ ಇಲ್ಲದ ಪೇಂಟ್ ಇರುತ್ತದೆ, ಅಲ್ಲಿ ಬಣ್ಣ ಹತ್ತುವುದು ಸಹಜ. ಕ್ಲಿಯರ್ ಇರುವ ಕಾರಿನಲ್ಲಿ ಹತ್ತಿದರೆ ಕ್ಲಿಯರ್ ತೂತಾಗಿದೆ ಅಂತಲೇ ಲೆಕ್ಕ. ಮುಂದೆ ಪೇಂಟರ್ ಕೆಲಸ.

ಬಿಸಿಲಲ್ಲಿ, ಈಗತಾನೇ ಓಡಿಸಿ ತಂದ ಬಾನೆಟ್ ಮೇಲೆ ಬೇಡವೇ ಬೇಡ. ಆಗಾಗ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ಆರಲು ಬಿಡಿ. ಬಂಪರ್ ಪ್ಲಾಸ್ಟಿಕ್ ಆದ್ದರಿಂದ ತಗಡಿನಂತೆ ಬಿಸಿ ಹರಡಿ ಹೋಗುವುದಿಲ್ಲ, ಒಂದೇ ಕಡೆ ಉಳಿಯುತ್ತದೆ. ಅಲ್ಲಿ ಸ್ಪೀಡೂ ಒತ್ತಡವೂ ಕಮ್ಮಿ ಇರಲಿ. ರೋಟರಿ ಹಿಡಿದಿದ್ದರೆ ಅಂಚಿನಲ್ಲಿ ಪ್ಯಾಡ್ ಪ್ಯಾನೆಲ್‌ನಿಂದ ಹೊರಗೆ ಸುತ್ತುವಂತೆ ನೋಡಿಕೊಳ್ಳಿ. ಅಂಚಿಗೆ ಎದುರಾಗಿ ಸುತ್ತಿದರೆ ಮಷೀನ್ ಕಚ್ಚಿಕೊಂಡು ಕೈಯಿಂದ ಹಾರುತ್ತದೆ.

ತೊಳೆಯುವ ಜಾಗದಲ್ಲೇ ಪಾಲಿಶ್ ಮಾಡುವ ಅಂಗಡಿಗಳೇ ಜಾಸ್ತಿ, ಆದ್ದರಿಂದ ಕರೆಂಟ್ ವಿಷಯದಲ್ಲಿ ಉದಾಸೀನ ಬೇಡ. ನೆಲ ಒಣಗಿರಲಿ, 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್) ಇರುವ ಲೈನಿನಿಂದಲೇ ಕನೆಕ್ಷನ್ ತೆಗೆದುಕೊಳ್ಳಿ, ವೈರ್ ಭುಜದ ಮೇಲೆ ಹಾಯಲಿ. ಪ್ಯಾಡ್ ಬದಲಿಸುವಾಗ ಪ್ಲಗ್ ಕಿತ್ತುಬಿಡಿ. ಕನ್ನಡಕ, ಮಾಸ್ಕ್ ಇರಲಿ. ಉಂಗುರ, ಕಡಗ ತೆಗೆದಿಡಿ. ಅಯ್ಯಪ್ಪ ಮಾಲೆ ಹಾಕಿದವರು ಅದನ್ನು ಶರ್ಟಿನ ಒಳಗೆ ಹಾಕಿ ಗುಂಡಿ ಹಾಕಿಕೊಳ್ಳಿ.

ಮುಗಿದ ಮೇಲೆ ಪೇಂಟ್ ಕಾಯುವ ವ್ಯಾಕ್ಸ್ ಅಥವಾ ಸೀಲೆಂಟ್ ಹಚ್ಚಿ. ಗೇಜಿನ ಅಳತೆಗಳನ್ನು ಜಾಬ್ ಕಾರ್ಡಿನಲ್ಲಿ ಬರೆದು ಮಾಲೀಕರಿಗೂ ಒಂದು ಪ್ರತಿ ಕೊಡಿ. ಮುಂದಿನ ಸಲ ಕಾರು ಬೇರೆ ಅಂಗಡಿಗೆ ಹೋದರೂ ಎಷ್ಟು ಸವೆದಿದೆ ಅಂತ ಅವರಿಗೆ ಗೊತ್ತಾಗುತ್ತದೆ.