ಪಂಚಾಯಿತಿ ಹೋಯಿತು, ಕಾವೇರಿ ಬರಲು 17 ವರ್ಷ ಬೇಕಾಯಿತು

ಬೆಂಗಳೂರು ಎಂಬ ಹೆಸರಿನ ಹಳೆಯ ಲಿಖಿತ ಸಾಕ್ಷ್ಯ ಇರುವುದು ಬೇಗೂರಿನಲ್ಲಿ. ಅಲ್ಲಿನ ನಾಗೇಶ್ವರ ದೇವಸ್ಥಾನದ ವೀರಗಲ್ಲಿನಲ್ಲಿ ‘ಬೆಂಗಳೂರು ಕಾಳಗ’ದ ಪ್ರಸ್ತಾಪವಿದೆ, ಶಾಸನಕ್ಕೆ ಸಾವಿರ ವರ್ಷ ದಾಟಿದೆ. ಊರಿಗೆ ಹೆಸರು ಉಳಿಸಿಕೊಟ್ಟ ಆ ಬೇಗೂರು ಬೆಂಗಳೂರಿನ ಲೆಕ್ಕಕ್ಕೆ ಬಂದದ್ದು ಮಾತ್ರ 2007ರ ಜನವರಿಯಲ್ಲಿ. ಆಗ ಮಹಾನಗರ ಪಾಲಿಕೆಯ 100 ವಾರ್ಡ್‌ಗಳು, ಯಲಹಂಕ, ಬೊಮ್ಮನಹಳ್ಳಿ, ಮಹದೇವಪುರ ಮೊದಲಾದ 7 ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು ಬೇಗೂರು, ವರ್ತೂರು, ಹೊರಮಾವು ಸೇರಿದಂತೆ 110 ಹಳ್ಳಿಗಳು ಕೂಡಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಆಯಿತು.

ಆ ಹಳ್ಳಿಗಳು ಬರಿಗೈಲಿ ಬಂದವಲ್ಲ. ಊರಿನ ಆಡಳಿತವನ್ನು ಊರಿನವರೇ ನಡೆಸಬೇಕೆಂಬ ಪ್ರಯತ್ನದಲ್ಲಿ ಕರ್ನಾಟಕ ದೇಶದಲ್ಲಿ ಮುಂಚೂಣಿಯಲ್ಲಿತ್ತು. 1983ರ ಪಂಚಾಯಿತಿ ಕಾಯ್ದೆಯನ್ನು ರೂಪಿಸಿದ ಸಚಿವ ಅಬ್ದುಲ್ ನಜೀರ್ ಸಾಬ್ ಹಳ್ಳಿಹಳ್ಳಿಗೂ ಬೋರ್‌ವೆಲ್ ಕೊರೆಸಿ ಜನರ ಬಾಯಲ್ಲಿ ‘ನೀರ್ ಸಾಬ್’ ಆದರು. 1987ರಲ್ಲಿ ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಪಂಚಾಯಿತಿಗಳಿಗೆ ಸಂವಿಧಾನದ ಮಾನ್ಯತೆ ಕೊಟ್ಟ 73ನೇ ತಿದ್ದುಪಡಿಯ ಬೆನ್ನಿಗೇ 1993ರ ಪಂಚಾಯತ್ ರಾಜ್ ಕಾಯ್ದೆ ಬಂತು. ಅದರ ಪ್ರಕಾರ ಗ್ರಾಮ ಪಂಚಾಯಿತಿಯಲ್ಲಿ 400 ಜನರಿಗೆ ಒಬ್ಬ ಸದಸ್ಯ.

400 ಅಂದರೆ ಎರಡು ಮೂರು ಬೀದಿ. ಮೆಂಬರು ಯಾರ ಮನೆ ಮಗ, ಯಾರ ಸೊಸೆ ಎಂದು ಎಲ್ಲರಿಗೂ ಗೊತ್ತಿರುತ್ತಿತ್ತು. ನೀರುಗಂಟಿ ಉದ್ದನೆಯ ಕಬ್ಬಿಣದ ಕೀಲಿ ಹಿಡಿದು ಬಂದು ಮೇಲಿನ ಬೀದಿಗೆ ಬೆಳಿಗ್ಗೆ, ಕೆಳಗಿನ ಬೀದಿಗೆ ಸಂಜೆ ವಾಲ್ವ್ ತಿರುಗಿಸುತ್ತಿದ್ದ. ಒಂದು ಹೊತ್ತು ತಪ್ಪಿದರೆ ಹೆಂಗಸರು ಖಾಲಿ ಕೊಡ ಹಿಡಿದು ಪಂಚಾಯಿತಿ ಕಟ್ಟೆ ಮುಂದೆ ನಿಲ್ಲುತ್ತಿದ್ದರು, ಉತ್ತರ ಕೊಡಬೇಕಾದವನು ಅಲ್ಲೇ ಸಿಗುತ್ತಿದ್ದ.

ಪಂಚಾಯಿತಿಗಳು ಎಲ್ಲವನ್ನೂ ಸರಿಯಾಗಿ ನಡೆಸಿದವು ಎಂದು ನಾನು ಹೇಳಲಾರೆ. ಐಟಿ ಕಂಪನಿಗಳು ವೈಟ್‌ಫೀಲ್ಡ್ ಕಡೆ ಹಬ್ಬಿದಾಗ ಹೊಲಗಳು ರೆವಿನ್ಯೂ ಸೈಟುಗಳಾದವು. ಭೂಪರಿವರ್ತನೆ ಇಲ್ಲದ ಬಡಾವಣೆಗಳಿಗೂ ಪಂಚಾಯಿತಿ ಖಾತೆ ಬರೆಯಿತು. ಒಳಚರಂಡಿ ಇಲ್ಲದ ಕಡೆ ಅಪಾರ್ಟ್‌ಮೆಂಟ್ ಎದ್ದು ಕೊಳಚೆ ಕೆರೆಗೆ ಇಳಿಯಿತು. ಇಷ್ಟು ದೊಡ್ಡ ಹೊರೆ ಹೊರುವ ಹಣವಾಗಲಿ, ಎಂಜಿನಿಯರುಗಳಾಗಲಿ ಅವುಗಳ ಹತ್ತಿರ ಇರಲಿಲ್ಲ. ನಗರಕ್ಕೆ ಸೇರಿಸುವುದಕ್ಕೆ ಕಾರಣವಿತ್ತು.

ಆದರೆ ಸೇರಿಸಿದ ರೀತಿ ಅನ್ಯಾಯದ್ದು. ಪಂಚಾಯಿತಿ ಹೋದ ಮೇಲೆ ಮೂರು ವರ್ಷ ಚುನಾಯಿತರೇ ಇರಲಿಲ್ಲ, 198 ವಾರ್ಡ್‌ಗಳಿಗೆ ಮತದಾನವಾದದ್ದು 2010ರ ಮಾರ್ಚ್‌ನಲ್ಲಿ. 2011ರ ಜನಗಣತಿಯಲ್ಲಿ ಪಾಲಿಕೆಯ ಜನಸಂಖ್ಯೆ ಸುಮಾರು 84 ಲಕ್ಷ, ಅಂದರೆ ಒಬ್ಬ ಕಾರ್ಪೊರೇಟರ್‌ಗೆ ಸರಾಸರಿ 42 ಸಾವಿರ ಜನ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವ ಹಕ್ಕು ಪಂಚಾಯಿತಿಯ ಜೊತೆಗೇ ಹೋಯಿತು. ಪಂಚಾಯಿತಿ ಖಾತೆ ನಂಬಿ ಸೈಟು ಕೊಂಡವರಲ್ಲಿ ಎಷ್ಟೋ ಜನ ‘ಬಿ’ ಖಾತೆಯ ಪಾಲಾದರು. ಸಕ್ರಮವಲ್ಲದ ಆಸ್ತಿಗಳ ಈ ಖಾತೆಯಲ್ಲಿ ತೆರಿಗೆ ಕಟ್ಟಬಹುದಿತ್ತು, ಮನೆಗೆ ನಕ್ಷೆ ಮಂಜೂರಾತಿ ಸಿಗುತ್ತಿರಲಿಲ್ಲ, ಬ್ಯಾಂಕ್ ಸಾಲಕ್ಕೂ ಅಲೆದಾಟವಿತ್ತು. ಪಂಚಾಯಿತಿಯ ತಪ್ಪಿಗೆ ದಂಡ ತೆತ್ತವರು ಇವರು.

ನೀರಿನದು ಇನ್ನೂ ಸಂಕಟದ ಕತೆ. ನಗರದ ತೆರಿಗೆ ಬಂತು, ನಗರದ ನೀರು ಬರಲಿಲ್ಲ. ಬೋರ್‌ವೆಲ್‌ಗಳು ಬತ್ತುತ್ತಾ ಹೋದಂತೆ ಟ್ಯಾಂಕರ್ ವ್ಯಾಪಾರ ಬೆಳೆಯಿತು. 2024ರ ಬೇಸಿಗೆಯಲ್ಲಿ ಟ್ಯಾಂಕರ್ ದರಕ್ಕೆ ಸರ್ಕಾರವೇ ಮಿತಿ ಹಾಕಬೇಕಾಯಿತು. ಈ 110 ಹಳ್ಳಿಗಳಿಗೆಂದೇ ರೂಪಿಸಿದ ಕಾವೇರಿ ಕುಡಿಯುವ ನೀರಿನ ಯೋಜನೆಯ 5ನೇ ಹಂತಕ್ಕೆ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿ ಚಾಲನೆ ಸಿಕ್ಕಿದ್ದು 2024ರ ಅಕ್ಟೋಬರ್ 16ರಂದು. ಯೋಜನೆಯ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ನೀರಿಲ್ಲದ ಆ 17 ವರ್ಷಗಳಲ್ಲಿ ಎರಡು ಕೌನ್ಸಿಲ್‌ಗಳು ಬಂದು ಹೋಗಿದ್ದವು. ಎರಡನೆಯದರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ಬಿಬಿಎಂಪಿ ಇರುವವರೆಗೂ ಚುನಾವಣೆ ನಡೆಯಲೇ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಅದರ ಜಾಗಕ್ಕೆ 5 ಪಾಲಿಕೆಗಳು ಬಂದವು.

ಈಗ ಗಡಿಯಾಚೆಯ ಪಂಚಾಯಿತಿಗಳಲ್ಲೂ ಅದೇ ಸೈಟು, ಅದೇ ಟ್ಯಾಂಕರ್. ಅವುಗಳನ್ನೂ ನಗರಕ್ಕೆ ಸೇರಿಸುವ ಮಾತು ಬಂದಾಗ ಗ್ರಾಮಸಭೆ ಕರೆದು ಮೂರು ವಿಷಯ ಬರೆಸಿಕೊಳ್ಳಬೇಕು: ಕಾವೇರಿ ಪೈಪು ಯಾವ ವರ್ಷ ಬರುತ್ತದೆ, ಈಗಿನ ಖಾತೆಗಳ ಗತಿ ಏನು, ಪಂಚಾಯಿತಿ ಹೋದ ಎಷ್ಟು ತಿಂಗಳೊಳಗೆ ಚುನಾವಣೆ.